ದಿಬ್ಬಕ್ಕೆ ಹದಿನಾಲ್ಕು ಸುತ್ತು

ಮಾರ್ಚ್ ೩, ಸೋಮವಾರ

ಇಪ್ಪತ್ತಾರು ವರ್ಷ ಕೂತ ಕುರ್ಚಿಯಿಂದ ಇವತ್ತು ನನ್ನನ್ನು ಎಬ್ಬಿಸಿದರು. ನೀರು ಸರಬರಾಜು ಕಚೇರಿಯಲ್ಲಿ ದೂರು ವಿಭಾಗದ ಗುಮಾಸ್ತ ನಾನು. ಜನ ಗೀಚಿಕೊಟ್ಟ ದೂರನ್ನು ದುಂಡಕ್ಷರದಲ್ಲಿ ರಿಜಿಸ್ಟರಿಗೆ ಇಳಿಸುವುದು, ಎದುರಿನ ಕಾಲಮ್ಮಿನಲ್ಲಿ ‘ಗಮನಕ್ಕೆ ತರಲಾಗಿದೆ’ ಎಂದು ಬರೆಯುವುದು ನನ್ನ ಕೆಲಸ. ಯಾರ ಗಮನಕ್ಕೆ ಎಂದು ಪುಣ್ಯಕ್ಕೆ ಈವರೆಗೆ ಯಾರೂ ಕೇಳಿಲ್ಲ.

ನಮ್ಮ ಇಂಜಿನಿಯರ್ ಸಾಹೇಬರು ನನ್ನ ಕೊನೆಯ ತಮ್ಮನಿಗಿಂತ ಚಿಕ್ಕವರು. ಕರೆದು ಕೂರಿಸಿ ಹೇಳಿದರು: “ಫೀಲ್ಡಲ್ಲಿ ಜನ ಸಾಲ್ತಿಲ್ಲ. ಈ ತಿಂಗಳು ನೀವು ಹೋಗಿ. ದಿಬ್ಬದ ಬೀದಿಗೆ ಆರು ವರ್ಷದಿಂದ ನೀರು ಏರ್ತಿಲ್ಲ. ಅಲ್ಲಿರೋ ಹೆಂಗಸರ ಶೌಚಾಲಯಕ್ಕೂ ನೀರಿಲ್ಲ. ನೀರಿಲ್ಲದ ಶೌಚಾಲಯ ರೋಗದ ಮನೆ, ಮೂವತ್ತೊಂದಕ್ಕೆ ಬೀಗ ಹಾಕಿ ಅಂತ ಮೇಲಿಂದ ಆರ್ಡರ್ ಬಂದಿದೆ. ದಿಬ್ಬ ಎತ್ತರ, ನೀರು ಏರಲ್ಲ ಅಂತ ಒಂದು ವರದಿ ಬರೆದುಕೊಡಿ. ಆಮೇಲೆ ನಿಮ್ಮ ಕುರ್ಚಿ ನಿಮಗೆ.”

“ಅಷ್ಟೇ ಆದ್ರೆ ಇಲ್ಲೇ ಕೂತು ಬರೀತೀನಲ್ಲ ಸಾರ್.”

“ನೋಡಿ ಬರೀರಿ. ಒಂದು ಸಲನಾದ್ರೂ ನೋಡಿ ಬರೀರಿ.”

ಇದು ಅಪ್ಪಣೆಯೋ ಚುಚ್ಚುಮಾತೋ ತಿಳಿಯಲಿಲ್ಲ. ಮನೆಯಲ್ಲಿ ಹೇಳಿದರೆ ನನ್ನಾಕೆ ಮೊದಲು ಕೇಳಿದ್ದು ಶರ್ಟಿನ ವಿಷಯ. “ಬಿಳೀದು ಹಾಕ್ಕೊಂಡು ಹೋಗ್ಬೇಡಿ, ಕೊಚ್ಚೆ ಒಗೆಯೋಕೆ ನನ್ನ ಕೈಲಾಗಲ್ಲ.” ನಾನು ಬಿಳಿಯದೇ ಹಾಕಿಕೊಳ್ಳುತ್ತೇನೆ. ಗುಮಾಸ್ತ ಎಲ್ಲಿದ್ದರೂ ಗುಮಾಸ್ತನೇ.

ಕಚೇರಿಯಲ್ಲಿ ಅರ್ಧ ಉಳಿದಿದ್ದ ಹಳೆಯ ರಿಜಿಸ್ಟರಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಯಾರೂ ಓದಬಾರದು. ಓದಿದರೂ ಅಕ್ಷರ ಚೆನ್ನಾಗಿದೆ ಎಂದಷ್ಟೇ ಹೇಳಬೇಕು.

ಮಾರ್ಚ್ ೪, ಮಂಗಳವಾರ

ಬೆಳಗಿನ ಐದಕ್ಕೆ ಟ್ಯಾಂಕಿನ ಹತ್ತಿರ. ಆ ಹೊತ್ತಿಗೆ ಊರಿನಲ್ಲಿ ಇಷ್ಟು ಜನ ಎದ್ದಿರುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ.

ನೀರು ಬಿಡುವವಳನ್ನು ಎಲ್ಲರೂ ಕೀಲಿಯಕ್ಕ ಎನ್ನುತ್ತಾರೆ. ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ ಅವಳ ಭುಜದ ಮೇಲೆ, ಅವಳಿಗಿಂತ ಒಂದು ಗೇಣು ಉದ್ದ. ಮೊದಲು ಅವಳ ಗಂಡ ಈ ಕೆಲಸದಲ್ಲಿದ್ದ. ಆರು ವರ್ಷದ ಹಿಂದೆ ಕಾಯಿಲೆಯಾಗಿ ಹದಿನೈದೇ ದಿನದಲ್ಲಿ ತೀರಿಕೊಂಡ. ಕೆಲಸ ಇವಳಿಗೆ ಸಿಕ್ಕಿತು. ಕಲಿಸಿಕೊಡಲು ಅವನಿರಲಿಲ್ಲ. ಕಚೇರಿಯಿಂದ ಕೊಟ್ಟ ಪಟ್ಟಿಯೇ ಗುರು ಎಂದಳು. ಚೀಲದಿಂದ ತೆಗೆದು ತೋರಿಸಿದಳು. ಪ್ಲಾಸ್ಟಿಕ್ ಹೊದಿಸಿಟ್ಟಿದ್ದಾಳೆ. ನೋಡಿದರೆ ನನ್ನದೇ ಕೈಬರಹ! ಯಾವ ವಾಲ್ವ್, ಎತ್ತ ಕಡೆಗೆ, ಎಷ್ಟು ಸುತ್ತು, ಎಲ್ಲ ಗೆರೆ ಎಳೆದು ಮುತ್ತು ಪೋಣಿಸಿದಂತೆ ಬರೆದಿದ್ದೇನೆ. ಕತ್ತಲಲ್ಲೂ ಓದಬಹುದು ಸಾರ್ ಎಂದಳು. ನನಗೆ ಒಳಗೊಳಗೇ ಖುಷಿಯಾಯಿತು.

ಹನ್ನೊಂದು ವಾಲ್ವ್. ರಸ್ತೆಯ ಗುಂಡಿಯ ಮುಚ್ಚಳ ಎತ್ತಿ, ಕೀಲಿ ಇಳಿಸಿ, ಎಡಕ್ಕೆ ತಿರುಗಿಸಿದರೆ ನೀರು ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ನಿಲ್ಲುತ್ತದೆ. ಕೊನೆಯದು ದಿಬ್ಬದ್ದು, ಟ್ಯಾಂಕಿನ ಪಕ್ಕದಲ್ಲೇ ಇದೆ, ಹದಿನಾಲ್ಕು ಸುತ್ತು. ಹನ್ನೊಂದನ್ನೂ ತಿರುಗಿಸಿ ಆದ ಮೇಲೆ ಟ್ಯಾಂಕು ಬಿಡುತ್ತಾಳೆ. ಎಂಟಕ್ಕೆ ಒಂದರಿಂದ ಹನ್ನೊಂದರವರೆಗೆ ಎಲ್ಲವನ್ನೂ ಮುಚ್ಚಿಕೊಂಡು ಬಂದು ಕೊನೆಗೆ ಟ್ಯಾಂಕು ಬಂದ್ ಮಾಡುತ್ತಾಳೆ. ನಾನು ಒಂದೇ ಒಂದು ತಿರುಗಿಸಿ ನೋಡಿದೆ. ಮೂರನೇ ಸುತ್ತಿಗೆ ಅಂಗೈ ಬೊಬ್ಬೆ, ಶರ್ಟಿಗೆ ಕಪ್ಪು ಗ್ರೀಸು. ನನ್ನಾಕೆ ಶರ್ಟನ್ನು ಎರಡು ಬೆರಳಲ್ಲಿ ಹಿಡಿದು ಬಕೆಟ್ಟಿಗೆ ಹಾಕಿದಳು.

ಮಾರ್ಚ್ ೬, ಗುರುವಾರ

ದಿಬ್ಬ ಹತ್ತಿದೆವು. ಅರವತ್ತೆರಡು ಮನೆ. ಕೊಡ ಹೊತ್ತು ಕೆಳಗಿನಿಂದ ಹತ್ತುತ್ತಿದ್ದ ಒಬ್ಬಾಕೆ ಕೀಲಿಯಕ್ಕನನ್ನು ಕಂಡದ್ದೇ ಶುರುಮಾಡಿದಳು. “ಬಂದಳು ನೋಡಿ! ಇವಳ ಗಂಡ ಇದ್ದಾಗ ಮನೆಬಾಗಿಲಿಗೆ ನೀರು ಬರ್ತಿತ್ತು. ಇವಳು ಕೈಯಿಟ್ಟ ದಿನವೇ ನಿಂತೋಯ್ತು. ಅದಕ್ಕೂ ಕೈಗುಣ ಅಂತ ಒಂದು ಬೇಕಮ್ಮ.”

ಕೀಲಿಯಕ್ಕ ಕಿವಿಗೆ ಹಾಕಿಕೊಳ್ಳದೆ ನಡೆದಳು. ಯಾರು ಆಕೆ ಎಂದು ಕೇಳಿದೆ.

“ನಮ್ಮ ಪಕ್ಕದ ಮನೆಯೋಳು ಸಾರ್.”

“ನೀವು ಇರೋದು ದಿಬ್ಬದ ಮೇಲೇನಾ?”

“ಮತ್ತೆಲ್ಲಿ? ಊರಿಗೆಲ್ಲ ನೀರು ಬಿಟ್ಟು, ಆಮೇಲೆ ನಾನೂ ಎರಡು ಕೊಡ ಹೊರ್ತೀನಿ.” ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಮಾರ್ಚ್ ೭, ಶುಕ್ರವಾರ

ಮೈಕೈ ನೋವು. ಬರೆಯುವುದಿಲ್ಲ.

ಮಾರ್ಚ್ ೧೧, ಮಂಗಳವಾರ

ಶೌಚಾಲಯ ನೋಡಿದೆ. ಅದನ್ನು ನೋಡಿಕೊಳ್ಳುವ ಮುದುಕಿಗೆ ಬಕೆಟ್ಟಜ್ಜಿ ಎಂದೇ ಹೆಸರು. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿರುತ್ತಾಳೆ. ಕೈಯಲ್ಲಿ ಬಕೆಟ್ಟು ಇಲ್ಲದವರಿಗೆ ಒಳಗೆ ಪ್ರವೇಶ ಇಲ್ಲ. ನೀರು ತಂದು ಬಂದವರು ಹೋಗುವಾಗ ಅರ್ಧ ತಂಬಿಗೆ ಅಜ್ಜಿಯ ಡ್ರಮ್ಮಿಗೆ ಸುರಿದು ಹೋಗಬೇಕು. ಆ ಅರ್ಧರ್ಧ ತಂಬಿಗೆಯಲ್ಲೇ ಆರು ಕೋಣೆಗಳನ್ನೂ ತೊಳೆಯುತ್ತಾಳೆ. ನಮ್ಮ ಕಚೇರಿಯ ಶೌಚಾಲಯಕ್ಕೆ ಹೋಲಿಸಿದರೆ ಇಲ್ಲಿ ಊಟಕ್ಕೆ ಕೂರಬಹುದು. ಕಚೇರಿಯಲ್ಲಿ ಇಪ್ಪತ್ತನಾಲ್ಕು ಗಂಟೆ ನೀರಿದೆ ಎಂಬುದನ್ನೂ ಇಲ್ಲಿ ಬರೆದಿಡಬೇಕು.

“ಬೀಗ ಹಾಕೋಕೆ ಬಂದ್ರಾ?” ಎಂದಳು ಅಜ್ಜಿ.

“ಸುಮ್ನೆ ನೋಡೋಕೆ ಬಂದೆ.”

“ನೋಡಿ, ನೋಡಿ. ದಿಬ್ಬದಲ್ಲಿ ಅರ್ಧ ಮನೆಗೆ ಕಕ್ಕಸಿಲ್ಲ. ಬೀಗ ಹಾಕಿದ ದಿನ ಇಲ್ಲಿರೋ ಹೆಣ್ಣುಮಕ್ಕಳನ್ನೆಲ್ಲ ಸಾಲಾಗಿ ಕರ್ಕೊಂಡು ನಿಮ್ಮ ಆಫೀಸಿಗೇ ಬರ್ತೀನಿ. ದಾರಿ ಗೊತ್ತಿದೆ ನಂಗೆ.”

ಬರುವವಳೇ ಅವಳು. ನೋಡಿದರೆ ಗೊತ್ತಾಗುತ್ತದೆ.

ಹೊರಡುವಾಗ ಇನ್ನೊಂದು ಹೇಳಿದಳು. ಅವಳ ನಲ್ಲಿ ಕೆಳಗಿನವರಿಗೆ ನೀರು ಬರುವಾಗ ಉಸಿರೂ ಬಿಡುವುದಿಲ್ಲವಂತೆ. ಎಲ್ಲರ ನೀರು ನಿಂತ ಮೇಲೆ ಎರಡು ಸಲ ಕೆಮ್ಮಿ ಅರ್ಧ ಬಕೆಟ್ಟು ನೀರು ಕೊಡುತ್ತದಂತೆ. ಪಾಪ, ವಯಸ್ಸಾಗಿದೆ, ಹೊತ್ತು ಗೊತ್ತು ತಪ್ಪಿರಬೇಕು. ವರದಿಯಲ್ಲಿ ಸೇರಿಸುವ ಅಗತ್ಯವಿಲ್ಲ.

ಮಾರ್ಚ್ ೧೪, ಶುಕ್ರವಾರ

ವರದಿ ಒಂದು ಪುಟ ಆಯಿತು. ‘ಸದರಿ ದಿಬ್ಬವು ಎತ್ತರದಲ್ಲಿರುವ ಪ್ರಯುಕ್ತ’ ಎಂದು ಶುರುಮಾಡಿದ್ದೇನೆ. ಚೆನ್ನಾಗಿ ಬಂದಿದೆ. ಆದರೆ ಅಲ್ಲಿಗೇ ನಿಂತಿದೆ.

ಇವತ್ತು ಕೀಲಿಯಕ್ಕ ಹೊಸ ವಿದ್ಯೆ ಕಲಿಸಿದಳು. ಒಂದು ಕಬ್ಬಿಣದ ಸರಳಿನ ತುದಿಯನ್ನು ಪೈಪಿನ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಕೊಟ್ಟರೆ ನೆಲದೊಳಗಿನ ನೀರು ಕೇಳುತ್ತದೆ! ರಸ್ತೆಯಲ್ಲಿ ಮಂಡಿಯೂರಿ ಕೂತು ಕೇಳಿದೆ. ಹರಿಯುವ ನೀರಿನದು ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಸೋರುತ್ತಿದ್ದರೆ ಸಿಳ್ಳೆ. ನೀರಿಲ್ಲದಿದ್ದರೆ ನಮ್ಮದೇ ರಕ್ತ ಕಿವಿಯಲ್ಲಿ ಬಡಿಯುವುದು ಕೇಳುತ್ತದೆ, ಅಷ್ಟೇ. ಐದನೇ ವಾಲ್ವಿನ ಹತ್ತಿರ ಸಿಳ್ಳೆ ಹಿಡಿದದ್ದು ನಾನೇ. ಅಗೆಸಿ ನೋಡಿದರೆ ನಿಜವಾಗಿ ಸೋರಿಕೆ! “ಸಾರ್ ಕಿವಿ ಚುರುಕಾಗಿದೆ” ಎಂದಳು. ಇಪ್ಪತ್ತಾರು ವರ್ಷದಲ್ಲಿ ಕೆಲಸಕ್ಕೆ ಸಂಬಂಧಿಸಿ ನನ್ನ ಕೈಬರಹ ಬಿಟ್ಟು ಬೇರೇನನ್ನೂ ಯಾರೂ ಹೊಗಳಿರಲಿಲ್ಲ.

ಸಂಜೆ ಸರಳನ್ನು ಮನೆಗೆ ತಂದು ಬಚ್ಚಲ ಪೈಪಿಗೆ ಇಟ್ಟು ಕೇಳುತ್ತಿದ್ದೆ. ನನ್ನಾಕೆ ಬಾಗಿಲಲ್ಲಿ ನಿಂತು ನೋಡಿದಳು. “ಮೂವತ್ತು ವರ್ಷದಿಂದ ನಾನು ಹೇಳೋದು ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿರಿ. ಈಗ ನಲ್ಲಿ ಮಾತು ಕೇಳ್ತಿದ್ದೀರಾ?”

ಮಾರ್ಚ್ ೧೮, ಮಂಗಳವಾರ

ಬೆಳಗ್ಗೆ ಹನ್ನೊಂದನೇ ವಾಲ್ವಿನ ಹತ್ತಿರ ಸರಳು ಇಟ್ಟೆ. ಕೀಲಿಯಕ್ಕ ಹದಿನಾಲ್ಕು ಸುತ್ತು ಎಡಕ್ಕೆ ತಿರುಗಿಸಿ, ಟ್ಯಾಂಕು ಬಿಟ್ಟು ಹೋಗಿದ್ದಳು. ವಾಲ್ವ್ ದಾಟಿದ ಮೇಲಿನ ಪೈಪಿನಲ್ಲಿ ಏನೂ ಇಲ್ಲ. ದಿಬ್ಬ ಎತ್ತರ, ನೀರು ಏರುವುದಿಲ್ಲ, ಸರಿ. ಆದರೆ ವಾಲ್ವ್ ತೆರೆದ ಜಾಗದಲ್ಲಾದರೂ ಸದ್ದಿರಬೇಕಲ್ಲ? ದಿಬ್ಬದ ಬುಡದವರೆಗಾದರೂ ಹೋಗಬೇಕಲ್ಲ?

ಎಂಟಕ್ಕೆ ಅವಳು ಮುಚ್ಚಲು ಬಂದಾಗ ಸುಮ್ಮನೆ ಅಲ್ಲೇ ಕೂತಿದ್ದೆ, ಎದ್ದರೆ ಮಂಡಿ ನೋಯುತ್ತದೆಂದು. ಬಲಕ್ಕೆ ಹದಿನಾಲ್ಕು ಸುತ್ತು ತಿರುಗಿಸಿ ಟ್ಯಾಂಕಿನ ಕಡೆ ಹೋದಳು. ಸರಳು ಇನ್ನೂ ಕಿವಿಯಲ್ಲಿತ್ತು.

ಗುಂಯ್ ಎಂದಿತು.

ಜೋರಾಗಿ, ತುಂಬಿಕೊಂಡು, ದಿಬ್ಬದ ಕಡೆಗೆ. ನಾಲ್ಕೈದು ನಿಮಿಷ. ಅವಳು ಟ್ಯಾಂಕು ಬಂದ್ ಮಾಡಿದ್ದೇ ನಿಂತಿತು. ಮುಚ್ಚಿದ ವಾಲ್ವಿಗೆ ಕಿವಿ ಕೊಡುವ ಹುಚ್ಚ ಈವರೆಗೆ ಯಾರೂ ಇರಲಿಲ್ಲವೆಂದು ಕಾಣುತ್ತದೆ.

ಬಕೆಟ್ಟಜ್ಜಿಗೆ ಹೊತ್ತು ಗೊತ್ತು ತಪ್ಪಿರಲಿಲ್ಲ. ಖಾಲಿ ಪೈಪು ತುಂಬಿ ಅವಳ ನಲ್ಲಿ ಕೆಮ್ಮುವಷ್ಟರಲ್ಲಿ ಟ್ಯಾಂಕು ಬಂದ್ ಆಗುತ್ತಿತ್ತು. ಆ ಒಂದು ವಾಲ್ವ್ ಉಲ್ಟಾ ಇದೆ. ತೆರೆದಿದ್ದೇವೆ ಎಂದುಕೊಂಡಾಗ ಮುಚ್ಚಿರುತ್ತದೆ, ಮುಚ್ಚಿದೆವೆಂದುಕೊಂಡಾಗ ತೆರೆದಿರುತ್ತದೆ. ಆಗ ಟ್ಯಾಂಕೇ ಬಂದ್, ಬರುವುದಾದರೂ ಎಲ್ಲಿಂದ?

ಕೀಲಿಯಕ್ಕನಿಗೆ ಹೇಳಲಿಲ್ಲ. ಮೊದಲು ದಾಖಲೆ ನೋಡುವುದು ವಾಸಿ. ನಾನು ಪಟ್ಟಿ ನಕಲು ಮಾಡಿದ್ದು ಅವಳ ಗಂಡ ಬರೆದದ್ದನ್ನು ನೋಡಿ. ಅವನೇ ತಪ್ಪು ಬರೆದುಕೊಟ್ಟಿರಬೇಕು.

ಮಾರ್ಚ್ ೧೯, ಬುಧವಾರ

ದಾಖಲೆ ಕೋಣೆಯಲ್ಲಿ ಮೂಲ ಪ್ರತಿ ಸಿಕ್ಕಿತು. ಅವಳ ಗಂಡ ಕಾಯಿಲೆಯಾಗಿ ಮಲಗಿದ್ದಾಗ ಬರೆದು ಕಳಿಸಿದ ಹಾಳೆ, ಪೆನ್ಸಿಲ್ಲಿನಲ್ಲಿ, ವಕ್ರವಕ್ರ ಅಕ್ಷರ. ಹತ್ತು ಸಾಲು ‘ಎಡಕ್ಕೆ’. ಹನ್ನೊಂದನೆಯದು: ‘ದಿಬ್ಬ, ಬಲಕ್ಕೆ ೧೪’. ‘ಬಲಕ್ಕೆ’ ಎನ್ನುವುದರ ಕೆಳಗೆ ಎರಡು ಗೆರೆ ಎಳೆದಿದ್ದಾನೆ.

ಕೆಳಗೆ ಪಿನ್ನು ಹಾಕಿದ್ದ ನನ್ನ ಶುದ್ಧಪ್ರತಿಯಲ್ಲಿ: ‘ದಿಬ್ಬ, ಎಡಕ್ಕೆ ೧೪’.

ನಕಲು ಮಾಡಿದ ಆ ಸಂಜೆ ಈಗ ಚೆನ್ನಾಗಿ ನೆನಪಾಗುತ್ತಿದೆ. ಹತ್ತು ಎಡ, ಒಂದು ಬಲ. ಪಾಪ, ಜ್ವರದಲ್ಲಿ ಬರೆದಿದ್ದಾನೆ, ಕೈ ತಪ್ಪಿದೆ ಎಂದುಕೊಂಡೆ. ನಾನೇ ತಿದ್ದಿದೆ. ಆ ಎರಡು ಗೆರೆ ಕಂಡು, ತಪ್ಪನ್ನೂ ಎಷ್ಟು ಒತ್ತಿ ಬರೆದಿದ್ದಾನೆ ಎಂದು ನಕ್ಕಿದ್ದೆ ಕೂಡ. ಯಾರನ್ನೂ ಕೇಳಲಿಲ್ಲ. ತಿದ್ದಿದ್ದಕ್ಕೆ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು.

ನಾಚಿಕೆಯಾಗುತ್ತಿದೆ.

ಮಾರ್ಚ್ ೨೦, ಗುರುವಾರ

ನನ್ನಾಕೆಗೆ ಎಲ್ಲ ಹೇಳಿದೆ, ದಿಬ್ಬದವರ ಕೈಗುಣದ ಮಾತೂ ಸೇರಿಸಿ. ಬೈಯುತ್ತಾಳೆಂದು ತಯಾರಾಗಿದ್ದೆ. ಅವಳು ಪ್ರಶ್ನೆ ಕೇಳಿದಳು.

“ಆರು ವರ್ಷ ದಿಬ್ಬದೋರು ಕೊಟ್ಟ ದೂರು ಯಾರು ಬರ್ಕೊಂಡಿದ್ದು?”

“ನಾನೇ.”

“ಉತ್ತರ?”

“ನಾನೇ.”

“ಅಡ್ಡಿಯಿಲ್ಲ, ಒಬ್ಬರೇ ಇಡೀ ಆಫೀಸು ನಡೆಸಿದ್ದೀರಿ.”

ನನ್ನ ತಲೆಯಲ್ಲಿ ಒಂದು ಉಪಾಯ ಇತ್ತು. ನಾಳೆ ಸದ್ದಿಲ್ಲದೆ ಬಲಕ್ಕೆ ತಿರುಗಿಸಿದರೆ ನೀರು ಬರುತ್ತದೆ. ‘ದುರಸ್ತಿ ಮಾಡಲಾಗಿದೆ’ ಎಂದು ಬರೆದರೆ ಮುಗಿಯಿತು, ಎಲ್ಲರಿಗೂ ಒಳ್ಳೆಯದೇ. ಹೇಳಿದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ಆಮೇಲೆ ಆಯಮ್ಮನ ಕೈಗುಣ?”

ಪೆನ್ಸಿಲ್ ಹಾಳೆಯನ್ನು ನಾಳೆಯ ಚೀಲಕ್ಕೆ ಹಾಕಿಟ್ಟೆ.

ಮಾರ್ಚ್ ೨೧, ಶುಕ್ರವಾರ

ಎಂದಿನಂತೆ ಎಲ್ಲ ತಿರುಗಿಸಿ ಟ್ಯಾಂಕು ಬಿಟ್ಟು ಬಂದ ಮೇಲೆ, ಹನ್ನೊಂದನೇ ಗುಂಡಿಯ ಹತ್ತಿರ ಕೀಲಿಯಕ್ಕನ ಕೈಗೆ ಪೆನ್ಸಿಲ್ ಹಾಳೆ ಕೊಟ್ಟೆ. ಗಂಡನ ಅಕ್ಷರ ಗುರುತಿಸಿದಳು. ಮೊದಲು ನಗುಮುಖ ಆಯಿತು. ಆಮೇಲೆ ಓದಿದಳು. ನಾನು ತಿದ್ದಿದ್ದನ್ನು ಹೇಳಿದೆ.

ಹಾಳೆಯನ್ನು ಮಡಿಸಿ ಸೆರಗಿಗೆ ಕಟ್ಟಿಕೊಂಡಳು. “ದಿನಾ ಬೆಳಗ್ಗೆ ನನ್ನ ಕೈಯಾರೆ ನನ್ನ ಬೀದಿ ನೀರು ಮುಚ್ಚಿಸಿದ್ರಲ್ಲ ಸಾರ್. ಆರು ವರ್ಷ. ಅವರು ಸರಿಯಾಗೇ ಬರೆದಿದ್ರಲ್ಲ.”

ಕೀಲಿ ಇಳಿಸಿದಳು. ಬಲಕ್ಕೆ. ಒಂದು, ಎರಡು, ಮೂರು. ಹದಿನಾಲ್ಕಕ್ಕೆ ನಿಲ್ಲಿಸಿದಳು. ಸರಳು ಬೇಕಾಗಲಿಲ್ಲ. ಬರಿಗಾಲಿಗೇ ನೆಲ ಅದುರುವುದು ತಿಳಿಯುತ್ತಿತ್ತು.

ಹತ್ತು ನಿಮಿಷಕ್ಕೆ ದಿಬ್ಬದ ಮೇಲೆ ಕೂಗಾಟ. ಓಡಿ ಹತ್ತಿದೆ, ಈ ವಯಸ್ಸಲ್ಲಿ! ಪಾತ್ರೆ, ಕೊಡ, ಡ್ರಮ್ಮು, ಒಬ್ಬಳು ಮಗುವಿನ ತೊಟ್ಟಿಲ ಬಟ್ಟೆಯನ್ನೂ ನಲ್ಲಿಯ ಕೆಳಗೆ ಹಿಡಿದಿದ್ದಳು, ಏನು ಸಿಕ್ಕಿತೋ ಅದು. ಬಕೆಟ್ಟಜ್ಜಿ ಆರು ಕೋಣೆಗಳ ನಲ್ಲಿಗಳನ್ನೂ ಬಿಟ್ಟು, ಬಕೆಟ್ಟನ್ನು ಹೊರಗೆ ಒದ್ದು, ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. “ಬನ್ರೇ, ಇವತ್ತು ಕೈಬೀಸ್ಕೊಂಡು ಬನ್ನಿ!” ಎಂದು ಬೀದಿಗೆಲ್ಲ ಸಾರಿದಳು. ನನಗೆ ಅಳು ಬಂತು. ನೀರು ಎರಚಾಡುತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆ ಪಕ್ಕದ ಮನೆಯಾಕೆ ಬಂದು ನನ್ನ ಕೈ ಹಿಡಿದುಕೊಂಡಳು. “ಗುಮಾಸ್ತರು ಬಂದು ಮೂರು ವಾರ ಆಗಿಲ್ಲ, ನೀರು ಬಂತು! ಕೈಗುಣ ಅಂದ್ರೆ ಇದು!” ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು.

ಆಗ ಹೇಳಬೇಕಿತ್ತು. ಬಾಯಿ ತೆರೆದೆ, ‘ಪರವಾಗಿಲ್ಲ, ಪರವಾಗಿಲ್ಲ’ ಎಂದುಬಿಟ್ಟೆ. ಕೀಲಿಯಕ್ಕ ಹಿಂದೆಯೇ ನಿಂತಿದ್ದಳು. ಕೇಳಿಸಿಕೊಂಡು ಮನೆಗೆ ಹೋದಳು.

ಮಾರ್ಚ್ ೨೪, ಸೋಮವಾರ

ಮೂರು ದಿನದಿಂದ ಕೀಲಿಯಕ್ಕ ನನ್ನ ಜೊತೆ ಮಾತಾಡುತ್ತಿಲ್ಲ. ಕೀಲಿಯ ಜೊತೆ ಮಾತಾಡುತ್ತಾಳೆ. “ಮುಚ್ಚಳ ಎತ್ತೋರು ಯಾರಾದ್ರೂ ಇದ್ದಾರೇನಪ್ಪ?” ಎಂದು ಕೀಲಿಯನ್ನು ಕೇಳುತ್ತಾಳೆ. ನಾನು ಎತ್ತುತ್ತೇನೆ.

ದಿಬ್ಬದಲ್ಲಿ ಸಿಕ್ಕಿದವರೆಲ್ಲ ನನಗೆ ಟೀ ಕೊಡುತ್ತಾರೆ. ಇವತ್ತು ಏಳು ಲೋಟ ಆಯಿತು. ಏಳನ್ನೂ ಕುಡಿದೆ.

ಮಾರ್ಚ್ ೨೬, ಬುಧವಾರ

ವರದಿ ಹೊಸದಾಗಿ ಬರೆದು ಕೊಟ್ಟೆ. ಎತ್ತರದ ಮಾತು ತೆಗೆದುಹಾಕಿ, ನಡೆದದ್ದನ್ನು ನನ್ನ ಹೆಸರು ಹಾಕಿ ಬರೆದೆ. ಸಾಹೇಬರು ಎರಡು ಸಲ ಓದಿದರು.

“ಇದೆಲ್ಲ ಯಾಕ್ರೀ? ‘ತಾಂತ್ರಿಕ ದೋಷ’ ಅಂತ ಬರೀರಿ ಸಾಕು.”

“ಅದು ತಾಂತ್ರಿಕ ದೋಷ ಅಲ್ಲ ಸಾರ್. ಅದು ನಾನು.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮೆಮೊ ಕೊಡಬೇಕಾಗುತ್ತದೆ ಎಂದರು. ಕೊಡಿ ಎಂದೆ. ಮೇಲಿನವರಿಗೆ ಫೋನ್ ಮಾಡಿ ಕೇಳಿ, ಬೀಗದ ಆರ್ಡರ್ ಅಲ್ಲೇ ರದ್ದು ಮಾಡಿ ಸಹಿ ಹಾಕಿದರು. “ಒಂದನೇ ತಾರೀಕಿಂದ ಕುರ್ಚಿಗೆ ಬರ್ತೀರಲ್ಲ?” ಎಂದು ಕೇಳಿದರು. ಏಳನೇ ವಾಲ್ವಿನ ಮುಚ್ಚಳ ಒಡೆದಿದೆ, ಅದನ್ನು ಹಾಕಿಸಬೇಕು, ಆಮೇಲೆ ಅಜ್ಜಿಯ ಮೂರನೇ ಕೋಣೆಯ ನಲ್ಲಿ ಸೋರುತ್ತಿದೆ, ಅದೆಲ್ಲ ಆಗಲಿ ನೋಡೋಣ ಎಂದೆ. ಯಾಕೋ ನನ್ನನ್ನೇ ನೋಡುತ್ತಿದ್ದರು. ಶರ್ಟಿನ ತೋಳಿಗೆ ಗ್ರೀಸಾಗಿತ್ತು, ಅದಕ್ಕಿರಬೇಕು.

ಮಾರ್ಚ್ ೨೯, ಶನಿವಾರ

ವರದಿಯನ್ನು ದಿಬ್ಬದಲ್ಲಿ ಯಾರು ಓದುತ್ತಾರೆ? ಇವತ್ತು ಮನೆ ಮನೆಗೆ ಹೋದೆ. ಕೆಳಗಿನ ಮೊದಲ ಮನೆಯಿಂದ ಶುರು. “ನಿಮ್ಮ ನೀರು ನಿಂತಿದ್ದು ನನ್ನಿಂದ. ಕೀಲಿಯಕ್ಕನ ಗಂಡ ಸರಿಯಾಗಿ ಬರೆದುಕೊಟ್ಟಿದ್ದರು. ನಾನು ತಪ್ಪಾಗಿ ತಿದ್ದಿದೆ. ಅಕ್ಕ ನನ್ನ ಪಟ್ಟಿಯಂತೆ ನಡೆದಳು. ಅವಳ ಕೈಯಲ್ಲಿ ಏನೂ ದೋಷ ಇರಲಿಲ್ಲ.” ಮೊದಲ ಮನೆಯಲ್ಲಿ ನಾಲಿಗೆ ತೊದಲಿತು. ಹತ್ತನೇ ಮನೆಯ ಹೊತ್ತಿಗೆ ಸಲೀಸಾಯಿತು. ಇಪ್ಪತ್ತನೆಯದರಲ್ಲಿ ಮತ್ತೆ ಕಷ್ಟವಾಯಿತು, ಅಲ್ಲಿ ಒಬ್ಬಾಕೆ ನೀರು ಹೊತ್ತು ಜಾರಿ ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಮಲಗಿದ್ದಾಳೆ. ಕೇಳಿದಳು, ಗೋಡೆ ಕಡೆ ತಿರುಗಿಕೊಂಡಳು. ಬಾಗಿಲಲ್ಲಿದ್ದ ಖಾಲಿ ಕೊಡ ತುಂಬಿಸಿಟ್ಟು ಬಂದೆ.

ಕೆಲವರು ಬೈದರು, ಬೈಯಬೇಕಾದ್ದೇ. ಒಬ್ಬ ಮುದುಕ ಕಿವಿ ಕೇಳದೆ ನಾನೇನೋ ಸರ್ವೆಗೆ ಬಂದೆ ಎಂದುಕೊಂಡು ಮನೆಯಲ್ಲಿ ಐದು ಜನ ಎಂದು ಬರೆಸಲು ಹೊರಟ. ಬಕೆಟ್ಟಜ್ಜಿ ಪೂರ್ತಿ ಕೇಳಿ, “ಆರು ವರ್ಷ ಬಕೆಟ್ಟು ಹೊರಿಸಿದ್ದೀರಿ, ಒಂದು ದಿನ ನೀವು ಬಂದು ಆರೂ ಕೋಣೆ ತೊಳೀರಿ, ಲೆಕ್ಕ ಚುಕ್ತಾ” ಎಂದಳು. ತೊಳೆದು ಬಂದೆ. ಮೂರನೆಯದನ್ನು ಸರಿಯಾಗಿ ಉಜ್ಜಿಲ್ಲವೆಂದು ವಾಪಸು ಕಳಿಸಿದಳು. ಅದನ್ನೂ ಉಜ್ಜಿದೆ.

ಇಂದಿಗೆ ಮೂವತ್ತೆಂಟು ಮನೆ.

ಮಾರ್ಚ್ ೩೦, ಭಾನುವಾರ

ಉಳಿದವು ಮುಗಿದವು. ಕೊನೆಗೆ ಉಳಿದದ್ದು ತುದಿಯ ಎರಡು ಮನೆ. ಪಕ್ಕದ ಮನೆಯಾಕೆ ಬಾಗಿಲು ತೆರೆಯಲಿಲ್ಲ. ಟೀ ಕೊಟ್ಟ ಕೈಯಿಂದ ಈಗೇನು ಕೊಡುವುದೆಂದು ಒಳಗೇ ಇದ್ದಳೋ ಏನೋ. ಕೀಲಿಯಕ್ಕನ ಬಾಗಿಲು ತಟ್ಟಿದೆ.

“ಯಾರು?” ಎಂದಳು, ಬಾಗಿಲು ತೆರೆದು ಎದುರಿಗೇ ನಿಂತು.

“ನಾನು ಅಕ್ಕ.”

“ಏನು ಸಮಾಚಾರ?”

“ನಿಮಗೆ ಗೊತ್ತಿರೋದೇ.”

“ನಂಗೇನೂ ಗೊತ್ತಿಲ್ಲ. ಅರವತ್ತು ಮನೇಲಿ ಏನು ಹೇಳಿದ್ರೋ ಅದನ್ನೇ ಹೇಳಿ.”

ಹೇಳಿದೆ. ಮೊದಲಿನಿಂದ ಕೊನೆಯವರೆಗೆ.

“ಜೋರಾಗಿ ಹೇಳಿ. ಪಕ್ಕದ ಮನೆಗೆ ಕೇಳಿಸ್ಲಿಲ್ಲ.”

ಇಡೀ ಬೀದಿಗೆ ಕೇಳುವಂತೆ ಇನ್ನೊಮ್ಮೆ ಹೇಳಿದೆ. ಪಕ್ಕದ ಬಾಗಿಲು ಒಂದು ಗೇಣು ತೆರೆಯಿತು. ಆಕೆ ಹೊರಗೆ ಬಂದಳು, ಕೀಲಿಯಕ್ಕನನ್ನೇ ನೋಡುತ್ತಾ.

“ಹಾಗಾದ್ರೆ ನಿನ್ನ ಕೈದಲ್ವೇನೇ?”

“ನನ್ನ ಕೈದಲ್ಲ” ಎಂದಳು ಕೀಲಿಯಕ್ಕ. ಆಮೇಲೆ ತನ್ನ ಎರಡೂ ಅಂಗೈಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡು, ಮೆಲ್ಲಗೆ ಮತ್ತೊಮ್ಮೆ ಹೇಳಿದಳು. “ನನ್ನ ಕೈದಲ್ಲ.”

ಪಕ್ಕದ ಮನೆಯಾಕೆ ಬಂದು ಆ ಕೈಗಳನ್ನು ಹಿಡಿದುಕೊಂಡಳು. ಇಬ್ಬರೂ ಅತ್ತರು. ನಾನು ಹೊರಟೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದಿನಿಂದ ಕೀಲಿಯಕ್ಕ ಕೂಗಿದಳು, ಒಂಬತ್ತು ದಿನದ ಮೇಲೆ ಹಳೆಯ ದನಿಯಲ್ಲಿ, ಕೀಲಿಗಲ್ಲ, ನನಗೇ.

“ಸಾರ್! ನಾಳೆ ಐದಕ್ಕೆ ತಡ ಮಾಡ್ಬೇಡಿ. ಹನ್ನೊಂದನೇದು ನೀವೇ ಬಿಡಿ. ನಾನು ನಲ್ಲಿ ಹತ್ರ ನಿಂತು ನೋಡ್ಬೇಕು, ನಮ್ಮನೇಗೆ ನೀರು ಬರೋದು ಹೇಗಿರುತ್ತೆ ಅಂತ.”